ಅಮೆರಿಕಾದಲ್ಲಿ ಟ್ರಾಫಿಕ್ ಟಿಕೆಟ್ ಬಂದ್ರೆ ದುಡ್ಡು ಕಟ್ಟೋಕ್ ಮುಂಚೆ ಚೀಟಿ ಪೂರ್ತಿ ಓದಿ

ಹೊಸದಾಗಿ ಅಮೆರಿಕಾಕ್ಕೆ ಬಂದೋರಿಗೆ ಬ್ಯಾಂಕು, ಎಸ್ಎಸ್ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್), ಲೈಸೆನ್ಸ್ ಬಗ್ಗೆ ಹೇಳೋರು ಬೇಕಾದಷ್ಟು ಜನ ಇದ್ದಾರೆ, ಅದನ್ನ ಬಿಡ್ತೀನಿ. ಪೊಲೀಸ್ ಕೈಗೆ ಕೊಡೋ ಚೀಟಿ ಬಗ್ಗೆ ಮಾತ್ರ ಯಾರೂ ಹೇಳಲ್ಲ.

ನಮಗೆಲ್ಲ ಫೈನ್ ಅಂದ್ರೆ ಕಟ್ಟಿದ್ರೆ ಮುಗೀತು. 2023ರಲ್ಲಿ ಕರ್ನಾಟಕದಲ್ಲಿ ಬಾಕಿ ಇ-ಚಲನ್‌ಗೆ 50% ರಿಯಾಯಿತಿ ಬಿಟ್ಟಾಗ ವರ್ಷಗಟ್ಟಲೆ ಉಳಿಸ್ಕೊಂಡಿದ್ದೋರೆಲ್ಲ ಕಟ್ಟಿ ನಿರಾಳ ಆದ್ರು. ಇಲ್ಲಿ ಹಾಗಲ್ಲ. ಸಾಮಾನ್ಯವಾಗಿ ದುಡ್ಡು ಕಟ್ಟೋದು ಅಂದ್ರೆ "ಹೌದು, ನಾನು ತಪ್ಪು ಮಾಡಿದ್ದೀನಿ" ಅಂತ ಕೋರ್ಟಿಗೆ ಬರ್ಕೊಟ್ಟ ಹಾಗೇನೇ. ಏನನ್ನ ಒಪ್ಕೋತಿದೀವಿ ಅಂತ ಗೊತ್ತಿಲ್ದೇನೇ ಒಪ್ಕೊಂಡಿರ್ತೀವಿ.

ತಪ್ಪುಗಳ ಮೂರು ಮೆಟ್ಟಿಲು ತಿಳ್ಕೊಂಡ್ರೆ ಅರ್ಧ ಅರ್ಥ ಆಗುತ್ತೆ. ಇನ್‌ಫ್ರ್ಯಾಕ್ಷನ್ ಅಂದ್ರೆ ಮಾಮೂಲಿ ಟ್ರಾಫಿಕ್ ತಪ್ಪು, ದಂಡ, ಲೈಸೆನ್ಸ್ ಮೇಲೆ ಪಾಯಿಂಟು (ತಪ್ಪಿನ ಅಂಕ) ಅಷ್ಟೆ. ಮಿಸ್‌ಡಿಮೀನರ್ ಅಂದ್ರೆ ಕ್ರಿಮಿನಲ್ ಕೇಸು, ಬಹುತೇಕ ಕಡೆ ಒಂದು ವರ್ಷದವರೆಗೆ ಜೈಲು ಆಗಬಹುದಾದದ್ದು. ಅದರ ಮೇಲಿಂದು ಫೆಲನಿ, ಅಂದ್ರೆ ಇನ್ನೂ ಗಂಭೀರ ಅಪರಾಧ. ಆದ್ರೆ ಯಾವ ತಪ್ಪು ಯಾವ ಮೆಟ್ಟಿಲಲ್ಲಿ ಇದೆ ಅನ್ನೋದು ಒಂದೊಂದು ರಾಜ್ಯಕ್ಕೆ ಒಂದೊಂಥರ, ನಮ್ಮೋರು ಸಿಕ್ಕಿಹಾಕ್ಕೊಳ್ಳೋದೇ ಇಲ್ಲಿ. ವರ್ಜೀನಿಯಾದಲ್ಲಿ ವೇಗದ ಮಿತಿಗಿಂತ ಗಂಟೆಗೆ 20 ಮೈಲಿ ಜಾಸ್ತಿ ಓಡಿಸಿದ್ರೆ, ಅಥವಾ ಮಿತಿ ಎಷ್ಟೇ ಇರ್ಲಿ 85 ಮೈಲಿ ದಾಟಿದ್ರೆ ಅದು ರೆಕ್‌ಲೆಸ್ ಡ್ರೈವಿಂಗ್ (ಬೇಜವಾಬ್ದಾರಿ ಚಾಲನೆ), ಕ್ಲಾಸ್ 1 ಅಂದ್ರೆ ಅತಿ ಭಾರದ ಮಿಸ್‌ಡಿಮೀನರ್, 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ. ನಾರ್ತ್ ಕೆರೊಲಿನಾದಲ್ಲಿ 15 ಮೈಲಿಗಿಂತ ಜಾಸ್ತಿ ಆದ್ರೂ, 80 ದಾಟಿದ್ರೂ ಮಿಸ್‌ಡಿಮೀನರ್. ಅದೇ ನ್ಯೂಜೆರ್ಸಿಯಲ್ಲಿ ಕುಡಿದು ಓಡಿಸಿದ್ದೂ ಟ್ರಾಫಿಕ್ ಅಪರಾಧದ ಲೆಕ್ಕ, ಕ್ರಿಮಿನಲ್ ಅಲ್ಲ.

ನಮ್ಮ ಬಳಗದ ಒಬ್ಬ ಹುಡುಗ ವರ್ಜೀನಿಯಾದ ಐ-81 ಹೆದ್ದಾರಿಯಲ್ಲಿ, ಮಿತಿ 70 ಇದ್ದ ಕಡೆ 88ರಲ್ಲಿ ಹೋಗಿ ಸಿಕ್ಕಿಬಿದ್ದ. ನೂರೈವತ್ತು ಡಾಲರ್ ಆಗ್ಬಹುದಾ ಅಣ್ಣಾ ಅಂತ ಕೇಳ್ಕೊಂಡು ಚೀಟಿ ತಂದ. ನೋಡೋಕೆ ಮಾಮೂಲಿ ಸ್ಪೀಡಿಂಗ್ ಟಿಕೆಟ್ ಥರಾನೇ ಇತ್ತು. ಆದ್ರೆ ಕೆಳಗಡೆ ಒಂದು ಪುಟ್ಟ ಚೌಕ ಇರುತ್ತೆ, ಅದಕ್ಕೆ ಗುರುತು ಹಾಕಿದ್ರೆ ಮಾತ್ರ ಕೋರ್ಟಿಗೆ ಬರೋದು ತಪ್ಪುತ್ತೆ ಅಂತ ಬರೆದಿರ್ತಾರೆ, ಅವನ ಚೀಟಿಯಲ್ಲಿ ಆ ಚೌಕ ಖಾಲಿ ಇತ್ತು. ಅವನು ಕೋರ್ಟಿಗೆ ಹೋಗ್ದೇ ಇದ್ದಿದ್ರೆ ಬಂಧನದ ವಾರಂಟೇ ಹೊರಡ್ಬಹುದಿತ್ತು. ಲಾಯರ್ ಹಿಡಿದ್ವಿ, ಅವರು ಹೇಳಿದಂಗೆ ಸ್ಪೀಡೋಮೀಟರ್ ಪರೀಕ್ಷೆ ಮಾಡಿಸಿ ರಿಪೋರ್ಟ್ ತಂದ, ಡ್ರೈವಿಂಗ್ ಕೋರ್ಸ್ ಮುಗಿಸ್ದ, ಜಡ್ಜ್ ಅದನ್ನ ಮಾಮೂಲಿ ಸ್ಪೀಡಿಂಗ್‌ಗೆ ಇಳಿಸಿದ್ರು. ಹಾಗೆ ಇಳಿಸ್ಲೇಬೇಕು ಅಂತ ಏನೂ ಇಲ್ಲ. ಅಲ್ಲಿ ತೀರ್ಪು ವಿರುದ್ಧ ಬಂದ್ರೆ ಮೇಲ್ಮನವಿಗೆ ಬರೀ 10 ದಿನ.

ಕಾರು ನಿಲ್ಲಿಸಿದಾಗ ನಮ್ಮ ಕಡೆ ಥರ ಇಳಿದು ಪೊಲೀಸ್ ಹತ್ರ ನಡ್ಕೊಂಡು ಹೋಗ್ಬೇಡಿ, ದಯವಿಟ್ಟು. ಒಳಗೇ ಕೂತು ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಕೊಳ್ಳಿ, ಪೇಪರ್ಸ್ ಕೇಳಿದ್ಮೇಲೆ ತೆಗೀರಿ. ದುಡ್ಡಿನ ಮಾತು ತಮಾಷೆಗೂ ಎತ್ತಬೇಡಿ, ಲಂಚ ಅಂತ ಆಯ್ತಂದ್ರೆ ಫೆಲನಿ ಆಗ್ಬಹುದು. ಚೀಟಿಗೆ ಸೈನ್ ಮಾಡೋಕೆ ಹೆದರಬೇಡಿ, ಅದು ಕೋರ್ಟಿಗೆ ಬರ್ತೀನಿ ಅನ್ನೋ ಮಾತಷ್ಟೇ, ತಪ್ಪೊಪ್ಪಿಗೆ ಅಲ್ಲ. ಆದ್ರೆ ಅರೆಸ್ಟ್ ಮಾಡಿದ್ರೆ ವಿಷಯ ಬೇರೆ. ಎಲ್ಲಾ ಬಿಡಿಸಿ ಹೇಳಿದ್ರೆ ಸಾಹೇಬ್ರಿಗೆ ಅರ್ಥ ಆಗುತ್ತೆ ಅಂತ ನಮಗೊಂದು ನಂಬಿಕೆ, ಆದ್ರೆ ಹೇಳಿದ್ದೆಲ್ಲ ಸಾಕ್ಷಿ ಆಗುತ್ತೆ. ಬಾಯ್ಬಿಡದೇ ಇರೋ ಹಕ್ಕು ಇದೆ ಅಂತ ಪೊಲೀಸರೇ ಓದಿ ಹೇಳೋ ಪದ್ಧತಿ ಬಂದಿದ್ದು 1966ರ ಮಿರಾಂಡಾ ತೀರ್ಪಿಂದ. ಹೆಸರು ಹೇಳಿ, ಲಾಯರ್ ಬೇಕು ಅನ್ನಿ, ಸುಮ್ಮನಾಗಿ.

ವೀಸಾದಲ್ಲಿ ಇರೋರಿಗೆ ಇನ್ನೊಂದು ಕೋರ್ಟ್ ಇದ್ದಂಗೆ, ಇಮಿಗ್ರೇಶನ್ನು. ಕುಡಿದು ಓಡಿಸಿ ಅರೆಸ್ಟ್ ಆದ್ರೆ ಕೇಸಿನ್ನೂ ನಡೀತಿರುವಾಗಲೇ ಸ್ಟೇಟ್ ಡಿಪಾರ್ಟ್‌ಮೆಂಟ್ (ಇಲ್ಲಿಯ ವಿದೇಶಾಂಗ ಇಲಾಖೆ) ವೀಸಾ ರದ್ದು ಮಾಡ್ಬಹುದು, ನ್ಯೂಜೆರ್ಸಿಯಲ್ಲಿ ಅದು ಟ್ರಾಫಿಕ್ ಅಪರಾಧ ಅನ್ನೋದು ಅಲ್ಲಿ ಲೆಕ್ಕಕ್ಕೆ ಬರಲ್ಲ. ಅಂಗಡಿಯಲ್ಲಿ ನಾವೇ ಬಿಲ್ ಮಾಡ್ಕೊಳ್ಳೋ ಸೆಲ್ಫ್ ಚೆಕ್‌ಔಟ್‌ನಲ್ಲಿ ಸ್ಕ್ಯಾನ್ ಮಾಡದೆ ತಂದ ಸಣ್ಣ ಸಾಮಾನು ಕಳ್ಳತನದ ಕೇಸ್ ಆಯ್ತಂದ್ರೆ ಅದು ನೀತಿಗೆಟ್ಟ ಅಪರಾಧದ ಸಾಲಿಗೆ ಸೇರುತ್ತೆ, ಎಷ್ಟೋ ಸಲ ಕುಡಿದು ಓಡಿಸಿದ್ದಕ್ಕಿಂತ ಭಾರ. ಇನ್ನೊಂದು, ತಪ್ಪು ಒಪ್ಕೊಂಡು ಪ್ರೊಬೇಶನ್ (ಕೋರ್ಟಿನ ನಿಗಾದಲ್ಲಿರೋ ಅವಧಿ) ಮುಗಿಸಿದ್ರೆ ಕೇಸ್ ವಜಾ ಆಗುತ್ತೆ ಅಂತ ಪ್ರಾಸಿಕ್ಯೂಟರ್ (ಸರ್ಕಾರಿ ವಕೀಲರು) ಹೇಳ್ತಾರೆ, ರಾಜ್ಯದ ಮಟ್ಟಿಗೆ ಅದು ನಿಜಾನೂ ಇರ್ಬಹುದು, ಆದ್ರೆ ತಪ್ಪೊಪ್ಪಿಗೆ ಜೊತೆ ಏನಾದ್ರೂ ಶಿಕ್ಷೆ ಹಾಕಿದ್ರೆ ಇಮಿಗ್ರೇಶನ್ ಕಾನೂನು ಅದನ್ನ ಅಪರಾಧ ಸಾಬೀತು ಅಂತಾನೇ ನೋಡುತ್ತೆ. ಒಪ್ಪಿದ್ರೆ ಗಡೀಪಾರು ಆಗೋ ಅಪಾಯ ಇದ್ಯಾ ಅಂತ ಹೇಳೋದು ಕ್ರಿಮಿನಲ್ ಲಾಯರ್ ಕರ್ತವ್ಯ ಅಂತ 2010ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟೇ ಹೇಳಿದೆ, ಆದ್ರೂ ಒಪ್ಕೊಳ್ಳೋಕ್ ಮುಂಚೆ ಇಮಿಗ್ರೇಶನ್ ಲಾಯರನ್ನೂ ಕೇಳಿ.

ಬರೆಯೋಕೆ ಕಷ್ಟ ಆಗೋದು ಮನೆ ಒಳಗಿನ ವಿಷಯ. ಊರಲ್ಲಿ ಗಂಡ ಹೆಂಡತಿ ಜಗಳ ಜೋರಾದ್ರೆ ಎದುರುಮನೆ ಅಜ್ಜಿ ಬಂದು ಇಬ್ಬರಿಗೂ ಬೈದು ಕೂರಿಸ್ತಿದ್ರು, ಇಲ್ಲಿ ಆ ಅಜ್ಜಿ ಇಲ್ಲ, ಗೋಡೆ ಆಚೆ ಇರೋರು ಪೊಲೀಸರ ತುರ್ತು ನಂಬರ್ 911ಗೆ ಫೋನ್ ಮಾಡ್ತಾರೆ. ಎಷ್ಟೋ ರಾಜ್ಯಗಳಲ್ಲಿ ಕೈ ಮಾಡಿರೋದಕ್ಕೆ ಆಧಾರ ಕಂಡ್ರೆ ಪೊಲೀಸರು ಅರೆಸ್ಟ್ ಮಾಡ್ಲೇಬೇಕು, ಆಮೇಲೆ "ಕಂಪ್ಲೇಂಟ್ ವಾಪಸ್ ತಗೋತೀನಿ" ಅಂದ್ರೆ ಆಗಲ್ಲ, ಕೇಸ್ ಹಾಕಿರೋದು ಸರ್ಕಾರ. ಹೊಡೆತ ತಿಂತಿರೋರು ಈ ಮಾತು ಕೇಳಿ ಹಿಂಜರಿಯಬಾರದು, ನೀವು 911ಗೆ ಫೋನ್ ಮಾಡ್ಲೇಬೇಕು. ಇಂಥ ರಾತ್ರಿ ಹೋಗಿ ಕೂರೋಕೆ ಒಂದು ಮನೆ ಇಲ್ಲಿಯ ಪ್ರತಿ ಕನ್ನಡ ಸಂಸಾರಕ್ಕೂ ಗೊತ್ತಿರ್ಬೇಕು ಅಂತ ನನಗೆ ತುಂಬಾ ಅನ್ಸುತ್ತೆ, ಹಬ್ಬದ ಊಟಕ್ಕಷ್ಟೇ ಸೇರೋದು ಸಾಲದು.

ಮಕ್ಕಳು ಹದಿನಾರರ ಸುಮಾರಿಗೆ ಸ್ಟೀರಿಂಗ್ ಹಿಡೀತಾರೆ. ಅವರಿಗೆ ಪೊಲೀಸ್ ಭಯ ಇರಲ್ಲ, ನಿಯಮ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ, ಇದು ಅವರ ಊರು. ಆದ್ರೆ ನಾವು ಹಳದಿ ದೀಪಕ್ಕೆ ಗಾಡಿ ನುಗ್ಗಿಸೋದನ್ನ, ಕೆಂಪು ದೀಪ ಮಿನುಗ್ತಿರೋ ಸ್ಕೂಲ್ ಬಸ್ ಪಕ್ಕ ದಾಟೋದನ್ನ ಹಿಂದಿನ ಸೀಟಿಂದ ನೋಡ್ತಾನೇ ಬೆಳೆದಿರ್ತಾರೆ, ಅಲ್ಲೊಂದು ಸ್ವಲ್ಪ ಎಚ್ಚರ ಇರ್ಲಿ.

ಕೇಸ್ ಮುಗಿದ್ಮೇಲೆ ಕ್ಲರ್ಕ್ ಹತ್ರ ಸೀಲ್ ಹಾಕಿದ ಸರ್ಟಿಫೈಡ್ ಡಿಸ್ಪೊಸಿಷನ್ (ಕೇಸ್ ಹೇಗೆ ಮುಗೀತು ಅನ್ನೋ ದಾಖಲೆ) ಎರಡು ಕಾಪಿ ತಗೊಳ್ಳಿ, ವಜಾ ಆಗಿದ್ರೂ ತಗೊಳ್ಳಿ. ವೀಸಾ ಅರ್ಜಿಯ ಡಿಎಸ್-160 ಫಾರಂನಲ್ಲಿ ಅರೆಸ್ಟ್ ಆಗಿದ್ರಾ ಅಂತ ಕೇಳ್ತಾರೆ, ವರ್ಷಗಳಾದ್ಮೇಲೆ ಪೌರತ್ವದ ಎನ್-400ನಲ್ಲೂ ಕೇಳ್ತಾರೆ, ಅಷ್ಟೊತ್ತಿಗೆ ಕೋರ್ಟಿನೋರು ಹಳೇ ಫೈಲು ತೆಗೆದುಹಾಕಿರ್ಬಹುದು. ಪಾಸ್‌ಪೋರ್ಟ್ ಇಡೋ ಕವರ್‌ನಲ್ಲೇ ಇಟ್ಬಿಡಿ.