ಐಡರ್ ಬೇಟೆಗೆ ಗೈಡ್ ಹುಡುಕಿದ ಕಥೆ: ನನ್ನ ಅನುಭವ

ಬಾಸ್ಟನ್ ಸುತ್ತಮುತ್ತ ಇರೋ ಶಿಕಾರಿ ಹುಚ್ಚಿನವರಿಗೆ ಇದು. ಬಾತು ಬೇಟೆಗೆ ಕೊಳ್ಳೋ ಡಕ್ ಸ್ಟ್ಯಾಂಪು, ಸೀಸದ ಬದಲು ಸ್ಟೀಲ್ ಚರೆ, ಬಂದೂಕಲ್ಲಿ ಮೂರೇ ತೋಟೆ ಹಿಡಿಯೋ ಹಾಗೆ ಪ್ಲಗ್, ಈ ಕಾನೂನೆಲ್ಲ ನಿಮಗೆ ಗೊತ್ತು, ಕೊರೆಯಲ್ಲ. ಮೇನ್ ರಾಜ್ಯದ ಕಡಲಲ್ಲಿ ಐಡರ್ ಅನ್ನೋ ಸಮುದ್ರದ ಬಾತು ಹೊಡೆಯೋಕೆ ನಂಬೋ ಅಂಥ ಗೈಡ್ ಸಿಗೋ ಹೊತ್ತಿಗೆ ಮೂರು ಸೀಸನ್ನು, ಹೆಚ್ಚುಕಮ್ಮಿ ಸಾವಿರದಿನ್ನೂರು ಡಾಲರ್ ಹೋಯ್ತು, ಅದನ್ನಷ್ಟೇ ಹೇಳ್ತೀನಿ.

ಮೊದಲ ವರ್ಷ ಚಂದದ ಫೋಟೋ ನೋಡಿ 300 ಅಡ್ವಾನ್ಸ್ ಕೊಟ್ಟೆ. ಬೆಳಗ್ಗೆ ನಾಲ್ಕೂವರೆಗೆ ಬೋಟ್ ಇಳಿಸೋ ಜಾಗದಲ್ಲಿ ನಡುಗ್ತಾ ನಿಂತಿದ್ರೆ ಆಸಾಮಿ ಪತ್ತೆ ಇಲ್ಲ, ಆರಕ್ಕೆ ಮೆಸೇಜು, ಎಂಜಿನ್ ಕೆಟ್ಟಿದೆ ಅಂತ. ದುಡ್ಡೂ ಬರಲಿಲ್ಲ. ಎರಡನೇ ವರ್ಷ ಇನ್ನೊಬ್ಬ, ಹದಿನಾರು ಅಡಿ ಬೋಟಿಗೆ ಐದು ಜನ, ಲೈಫ್ ಜಾಕೆಟ್ ಮೂರು. ನಾನು ಹತ್ತಲೇ ಇಲ್ಲ, ಡಿಸೆಂಬರ್ ನೀರಿಗೆ ಬಿದ್ರೆ ಬೆರಳು ಮಡಚೋಕೂ ಆಗಲ್ಲ ಸ್ವಾಮಿ. ಮೇಲಿಂದ ಮೇನ್‌ನಲ್ಲಿ ಭಾನುವಾರ ಬೇಟೆನೇ ಇಲ್ಲ, ಶುಕ್ರವಾರ ರಾತ್ರಿ ಮೂರೂವರೆ ಗಂಟೆ ಓಡಿಸ್ಕೊಂಡು ಹೋಗಿ ಶನಿವಾರ ಗಾಳಿ ಎದ್ರೆ ಹೋಟೆಲ್ ಬಾಡಿಗೆನೂ ಗೋವಿಂದ. ನಮ್ಮ ಭಾವ ನಗ್ತಿದ್ರು, "ದುಡ್ಡು ಕೊಟ್ಟು ಚಳಿ ತಿನ್ನೋಕೆ ಹೋಗ್ತೀಯಲ್ಲೋ ಮಾರಾಯ, ಸೂಪರ್ ಮಾರ್ಕೆಟಲ್ಲಿ ಬಾತುಕೋಳಿ ಸಿಗಲ್ವಾ?"

ಮೂರನೇ ವರ್ಷ ತಾತ ಹೇಳ್ತಿದ್ದಿದ್ದು ನೆನಪಾಯ್ತು. ಹೊಡೆದ ಪ್ರಾಣಿಗಳ ಚರ್ಮ ತುಂಬಿ ಬದುಕಿದ್ದ ಹಾಗೆ ನಿಲ್ಲಿಸಿ ಕೊಡ್ತಿದ್ದ ಮೈಸೂರಿನ ವ್ಯಾನ್ ಇಂಗನ್ ಅವರ ಅಂಗಡಿಗೆ ಹೋದ್ರೆ ಯಾವ ಕಾಡಲ್ಲಿ ಯಾರು ಏನು ಹೊಡೆದ್ರು ಅಂತ ಗೊತ್ತಾಗ್ತಿತ್ತಂತೆ. ಹಾಗಾಗಿ ಗೈಡ್‌ಗೆ ಫೋನ್ ಮಾಡೋದು ಬಿಟ್ಟು ಹಕ್ಕಿ ತುಂಬಿ ಕೊಡೋ ಟ್ಯಾಕ್ಸಿಡರ್ಮಿಸ್ಟ್‌ಗಳಿಗೆ ಮಾಡಿದೆ, ಐದಾರು ಜನಕ್ಕೆ. ಕೇಳಿದ್ದು ಒಂದೇ, ಗರಿ ಹಾಳಾಗದ ಗಂಡು ಐಡರ್ ಯಾವ ಗೈಡ್‌ನ ಗಿರಾಕಿಗಳು ತರ್ತಾರೆ? ಮೂವರು ಹೇಳಿದ್ದು ಒಂದೇ ಹೆಸರು, ಪೆನೋಬ್‌ಸ್ಕಾಟ್ ಕೊಲ್ಲಿ ಕಡೆಯ ಲಾಬ್ಸ್ಟರ್ ಹಿಡಿಯೋ ಅಜ್ಜ. ಫೋಟೋ ಗೀಟೋ ಏನೂ ಇಲ್ಲ, ಫೋನೇ ಮೂರನೇ ಸಲಕ್ಕೆ ಎತ್ತಿದ್ದು.

ನಾನು ಹೇಳಬಹುದಾದ ಪರೀಕ್ಷೆ ಎರಡು. "ಸಿಕ್ಸ್ ಪ್ಯಾಕ್ ಇದೆಯಾ?" ಅಂತ ಕೇಳೋದು. ಆರು ಜನ ಪ್ಯಾಸೆಂಜರ್ ಒಯ್ಯೋ ಕೋಸ್ಟ್ ಗಾರ್ಡ್ ಲೈಸೆನ್ಸಿಗೆ ಅಲ್ಲಿ ಅದೇ ಹೆಸರು. ಎರಡನೇ ವರ್ಷದವನು ಅದನ್ನ ಆರು ಬಿಯರಿನ ಪ್ಯಾಕ್ ಅಂದ್ಕೊಂಡು, ಬಿಯರ್ ನೀವೇ ತನ್ನಿ ಅಂದಿದ್ದ, ಆಗಲೇ ಅರ್ಥ ಆಗ್ಬೇಕಿತ್ತು! ಅಜ್ಜ ಅದರ ಜೊತೆ ಮೇನ್ ಗೈಡ್ ಲೈಸೆನ್ಸನ್ನೂ ಕೇಳದೇ ಹೇಳಿದ್ರು. ಆಮೇಲೆ, ಗಾಳಿ ಎಷ್ಟಿದ್ರೆ ಬೋಟ್ ತೆಗೆಯಲ್ಲ? ಒಳ್ಳೆಯವನು ಯೋಚನೆ ಮಾಡದೆ ಒಂದು ನಂಬರ್ ಹೇಳ್ತಾನೆ, ನೋಡೋಣ ಅಂದ್ರೆ ಫೋನ್ ಇಡಿ. ಮೂರನೇ ಪ್ರಶ್ನೆ ಒಂದಿದೆ, ಅದನ್ನ ಇಲ್ಲಿ ಬರೆಯಲ್ಲ, ಅಜ್ಜನ ಊರೂ ಹೇಳಲ್ಲ, ಹೇಳಿದ್ರೆ ಮುಂದಿನ ಡಿಸೆಂಬರಿಗೆ ನನಗೇ ಜಾಗ ಸಿಗಲ್ಲ.

ಶುಕ್ರವಾರ ರಜೆ ಹಾಕಿ ಹೋದೆ, ಗಾಳಿ ಕೆಟ್ರೆ ಶನಿವಾರ ಕೈಲಿರಲಿ ಅಂತ. ಇಳಿತ ಆದಾಗ ತಲೆ ಎತ್ತೋ ಬಂಡೆಗಳಲ್ಲಿ ಮಸ್ಸೆಲ್ ಚಿಪ್ಪು ತಿನ್ನೋಕೆ ಐಡರ್ ಬರ್ತವೆ, ಅಜ್ಜ ಉದ್ದ ಹಗ್ಗಕ್ಕೆ ಡಿಕಾಯ್, ಅಂದ್ರೆ ಹಕ್ಕಿ ಸೆಳೆಯೋ ನಕಲಿ ಬಾತು, ಪೋಣಿಸಿ ಎರಡು ಸಾಲು ಬಿಟ್ರು. ನಾನು ಮನೆಯಲ್ಲಿ ಬ್ಲೀಚ್ ಡಬ್ಬಕ್ಕೆ ಕಪ್ಪು ಬಿಳಿ ಬಣ್ಣ ಬಳಿದು ಎಂಟು ಮಾಡಿದ್ದೆ, ಅರ್ಧ ಗಂಟೆಯಲ್ಲಿ ಎರಡಕ್ಕೆ ನೀರು ತುಂಬಿ ಮುಳುಗಿದ್ವು, ಅಜ್ಜ ಏನೂ ಅನ್ನಲಿಲ್ಲ, ಮುಚ್ಚಳ ತಿರುಗಿಸಿ ನೋಡಿ ನಕ್ಕರು ಅಷ್ಟೆ. ಕೊಡಗಿನ ಕೈಲ್ ಪೊಳ್ದ್ ಹಬ್ಬಕ್ಕೆ ನಾಲ್ಕು ವರ್ಷ ತೆಂಗಿನಕಾಯಿಗೆ ಗುಂಡು ಹೊಡೆದು ಒಡೆದ ಕೈ ನನ್ನದು. ಆದ್ರೆ ಕಾಯಿ ಹಾರಲ್ಲ, ಬೋಟು ಕುಣಿಯುತ್ತೆ, ಒಂದು ಬಾಕ್ಸ್ ತೋಟೆ ಪೂರ್ತಿ ಖಾಲಿಯಾಗಿ ಎರಡು ಐಡರ್, ಒಂದು ಸ್ಕೋಟರ್ (ಅದೂ ಸಮುದ್ರದ ಬಾತೇ). ಗಾಯ ಆದದ್ದು ಮುಳುಗಿಬಿಡುತ್ತೆ, ಬಿದ್ದ ತಕ್ಷಣ ಇನ್ನೊಂದು ಏಟು ಹಾಕ್ಬೇಕು, ಒಂದು ಹಾಗೇ ತಪ್ಪಿಸ್ಕೊಂಡಿದ್ದು ಇನ್ನೂ ಮನಸ್ಸಲ್ಲಿ ಚುಚ್ಚುತ್ತೆ.

ಗೈಡಿಗೆ 350, ಟಿಪ್ಸ್ 70, ಹೊರಗಿನವರ ಲೈಸೆನ್ಸು ಸ್ಟ್ಯಾಂಪು ಎಲ್ಲ ಸೇರಿ ನೂರು ಚಿಲ್ಲರೆ, ಪೆಟ್ರೋಲು ರೂಮು ಬೇರೆ.

ಸಮುದ್ರದ ಬಾತು ಮೀನು ವಾಸನೆ, ತಿನ್ನಕ್ಕಾಗಲ್ಲ ಅಂತ ಎಲ್ರೂ ಹೆದರಿಸಿದ್ರು. ಚರ್ಮ ಕೊಬ್ಬು ಪೂರ್ತಿ ತೆಗೆದು, ಎದೆ ಮಾಂಸನ ರಾತ್ರಿಯಿಡೀ ಉಪ್ಪುನೀರಲ್ಲಿಟ್ಟು, ಕೊಡಗಿನ ಹಂದಿ ಸಾರು ಪಂದಿ ಕರಿ ಥರ ಕರಿಮೆಣಸು ಹುರಿದು ಕಾಚಂಪುಳಿ ಅನ್ನೋ ಹುಳಿ ಹಾಕಿ ಬೇಯಿಸಿದೆ. ಭಾವ ಎರಡು ಸಲ ಬಡಿಸ್ಕೊಂಡು, ಕೈ ತೊಳೆಯುವಾಗ ಮೆಲ್ಲಗೆ ಕೇಳಿದ್ರು, ಅಜ್ಜನ ಬೋಟಲ್ಲಿ ಇನ್ನೊಬ್ಬರಿಗೆ ಜಾಗ ಇರುತ್ತಾ ಅಂತ.