ಹೊಟ್ಟಿನ ಬೆಂಕಿಯಲ್ಲಿ ಸೋನಾ ಮಸೂರಿ ಒಣಗಿಸಿದ ನನ್ನ ಅನುಭವ

ಹೊಟ್ಟಿನ ಬೆಂಕಿಯಲ್ಲಿ ಹಸಿ ಭತ್ತ ಒಣಗಿಸಿದರೆ ನುಚ್ಚು ಜಾಸ್ತಿ ಆಗುತ್ತದೆ, ಅಕ್ಕಿಗೆ ಹೊಗೆ ವಾಸನೆ ಹಿಡಿಯುತ್ತದೆ, ಮೇಲೆ ಕರೆಂಟ್ ಬಿಲ್ ಬೇರೆ. ಗಂಗಾವತಿ, ಕಾರಟಗಿ ಕಡೆಯ ಮಿಲ್ಲಿನವರು ನನಗೆ ಹೇಳುತ್ತಿದ್ದದ್ದು ಇದೇ. ಈಗ ಅದೇ ಬೆಂಕಿಯಲ್ಲಿ ಒಣಗಿಸಿದ ಭತ್ತದಿಂದ ಕ್ವಿಂಟಲಿಗೆ 53–54 ಕೆಜಿ ಇಡೀ (ಮುರಿಯದ) ಅಕ್ಕಿ ತೆಗೆಯುತ್ತಿದ್ದೇನೆ. ಕಣದಲ್ಲಿ ಒಣಗಿಸುತ್ತಿದ್ದಾಗ 46–48 ದಾಟಿದ್ದು ಕಡಿಮೆ. ಎರಡು ಹಂಗಾಮಿನಲ್ಲಿ ಇದೇ ಲೆಕ್ಕ ಬಂದಿದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನದು ದೊಡ್ಡ ಮಿಲ್ ಅಲ್ಲ, ಗಂಟೆಗೆ ಎರಡು ಟನ್ನಿನದು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತವೇ ನನಗೆ ಆಧಾರ. ಕಟಾವು ಮಷೀನ್ ಬಂದ ಮೇಲೆ ನಮ್ಮ ಧಂದೆ ಬದಲಾಗಿದ್ದು ನಿಮಗೆಲ್ಲ ಗೊತ್ತು. ಮೊದಲು ಕೊಯ್ದು ಗದ್ದೆಯಲ್ಲೇ ಒಣಗಿಸಿ ಬಡಿದ ಭತ್ತ ಬರುತ್ತಿತ್ತು. ಈಗ ಮಷೀನ್ ಬೆಳಗ್ಗೆ ಗದ್ದೆಗೆ ಇಳಿದರೆ ಮಧ್ಯಾಹ್ನ ಟ್ರಾಲಿ ಮಿಲ್ಲಿನ ಮುಂದೆ ನಿಂತಿರುತ್ತದೆ. ತೇವ ಶೇಕಡಾ 20ರಿಂದ 24. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಇಲ್ಲಿ ಮೋಡ. ಆ ಭತ್ತವನ್ನು ರಾಶಿ ಹಾಕಿ ಒಂದೆರಡು ದಿನ ಬಿಟ್ಟರೆ ಒಳಗೆ ಬಿಸಿ ಏರಿ ಅಕ್ಕಿ ಹಳದಿ ತಿರುಗುತ್ತದೆ.

ಮೊದಲು ಜಾಗದ ವಿಷಯ ಹೇಳುತ್ತೇನೆ, ಏಕೆಂದರೆ ನಾನು ಈ ಕೆಲಸಕ್ಕೆ ಇಳಿದದ್ದೇ ಜಾಗದಿಂದ. ಒಂದೂವರೆ ಇಂಚು ದಪ್ಪಕ್ಕೆ ಹರಡಿದರೆ 10 ಟನ್ ಭತ್ತಕ್ಕೆ ನಾಲ್ಕೈದು ಗುಂಟೆ ಬೇಕು. ಬಿಸಿಲು ಚೆನ್ನಾಗಿದ್ದರೂ ಮೂರು ದಿನ. ದಿನಕ್ಕೆ 25 ಟನ್ ಬರುವ ಕಾಲದಲ್ಲಿ ಹತ್ತಿರ ಹತ್ತಿರ ಒಂದು ಎಕರೆ ಕಣ ಬೇಕೇ ಬೇಕು. ನಾನು ಕಾಲುವೆ ಪಕ್ಕದ ಒಂದು ಎಕರೆಯನ್ನು ಲಾವಣಿಗೆ (ಗುತ್ತಿಗೆಗೆ) ಹಿಡಿದಿದ್ದೆ. ನೀರು ಹಾಯುವ ಎರೆ ಭೂಮಿ ಅದು. ವರ್ಷದಲ್ಲಿ ಎರಡು ತಿಂಗಳು ಭತ್ತ ಹರಡುವುದಕ್ಕೆ, ಉಳಿದ ಹತ್ತು ತಿಂಗಳು ಸುಮ್ನೆ. ನಮ್ಮಲ್ಲಿ ಕಾಲುವೆ ಕೊನೆಯ ರೈತರು ಒಂದು ನೀರಿಗಾಗಿ ರಾತ್ರಿಯೆಲ್ಲ ತೂಬು ಕಾಯುತ್ತಾರೆ. ಅಂಥ ಊರಿನಲ್ಲಿ ನೀರಾವರಿ ಜಮೀನನ್ನು ಹೀಗೆ ಗಟ್ಟಿ ಮಾಡಿ ಇಡುವುದು ನನ್ನ ಮನಸ್ಸಿಗೆ ಒಪ್ಪುತ್ತಿರಲಿಲ್ಲ. ಜಾಗ ಇಲ್ಲದವರು ಡಾಂಬರು ರಸ್ತೆಗೇ ಹರಡುತ್ತಾರೆ. ಅದರ ಅಪಾಯ ಬಿಡಿಸಿ ಹೇಳಬೇಕಾಗಿಲ್ಲ.

ಕಣದಲ್ಲಿ ಅಕ್ಕಿ ಮುರಿಯುವುದು ಬಿಸಿಲಿಗಿಂತ ಜಾಸ್ತಿ ಇಬ್ಬನಿಗೆ. ಇದನ್ನು ಬಹಳ ಜನ ನಂಬುವುದಿಲ್ಲ. ಭತ್ತ 15–16ಕ್ಕೆ ಇಳಿದ ಮೇಲೆ ರಾತ್ರಿ ತಂಪು ಕುಡಿದರೆ ಕಾಳಿನ ಒಳಗೆ ಅಡ್ಡ ಬಿರುಕು ಬೀಳುತ್ತದೆ. ತಾಡಪತ್ರಿ ಹೊದಿಸಿದರೂ ಅಂಚಿನ ಭತ್ತಕ್ಕೆ ತಪ್ಪುವುದಿಲ್ಲ. ಒಣ ಭತ್ತದ ಟ್ರಾಲಿಯನ್ನು ಹಸಿ ಭತ್ತದ ರಾಶಿಗೆ ಬೆರೆಸಿದರೂ ಅದೇ ಕಥೆ. ಒಣಗಿದ ಕಾಳು ಪಕ್ಕದ ಹಸಿ ಕಾಳಿನ ತೇವ ಎಳೆದುಕೊಂಡು ಸೀಳುತ್ತದೆ. ಸಿಪ್ಪೆ ಮೇಲೆ ಏನೂ ಕಾಣುವುದಿಲ್ಲ, ಪಾಲಿಶರ್‌ಗೆ ಹೋದಾಗ ಗೊತ್ತಾಗುತ್ತದೆ.

ಡ್ರೈಯರ್ ನಾನು ಹೊಸದು ತರಲಿಲ್ಲ. ಎಲ್‌ಎಸ್‌ಯು ಮಾದರಿಯ (ಮೇಲಿನಿಂದ ಇಳಿಯುವ ಭತ್ತದ ನಡುವೆ ಬಿಸಿ ಗಾಳಿ ಹಾಯಿಸುವ), 10 ಟನ್ ಹಿಡಿಯುವ ಸೆಕೆಂಡ್ ಹ್ಯಾಂಡ್ ಗೋಪುರ ಒಂದು ಮುಚ್ಚಿದ ಮಿಲ್ಲಿನಲ್ಲಿ ಸಿಕ್ಕಿತು. ಬಿಚ್ಚಿ ತಂದು ನಿಲ್ಲಿಸುವಷ್ಟರಲ್ಲಿ ಆರು ಲಕ್ಷ ಆಯಿತು. ಅದರ ಜೊತೆಗಿದ್ದದ್ದು ಡೀಸೆಲ್ ಬರ್ನರ್. ಅದನ್ನು ನಾನು ಜೋಡಿಸಲೇ ಇಲ್ಲ. ಮಿಲ್ಲಿನ ಹಿಂದೆ ಗುಡ್ಡದಷ್ಟು ಹೊಟ್ಟು ಬಿದ್ದಿರುವಾಗ ಡೀಸೆಲ್ ಯಾಕೆ ಸುಡಬೇಕು?

ಲೆಕ್ಕ ನೋಡಿ. 10 ಟನ್ ಭತ್ತವನ್ನು 22ರಿಂದ 14ಕ್ಕೆ ಇಳಿಸಿದರೆ ಸುಮಾರು 930 ಕೆಜಿ ನೀರು ಹಾರಬೇಕು. ಹೊಟ್ಟಿನಲ್ಲಿ ಕೆಜಿಗೆ 3000ಕ್ಕಿಂತ ಸ್ವಲ್ಪ ಮೇಲೆ ಕಿಲೋ ಕ್ಯಾಲರಿ ಇದೆ. ಒಲೆ, ಕೊಳವೆಗಳಲ್ಲಿ ಹೋಗುವುದನ್ನೆಲ್ಲ ಕಳೆದರೂ 600 ಕೆಜಿ ಹೊಟ್ಟು ಸಾಕು. ಅದೇ 10 ಟನ್ ಭತ್ತ ಒಣಗಿಸಿ ಗಿರಣಿಗೆ ಹಾಕಿದರೆ 1800 ಕೆಜಿ ಹೊಟ್ಟು ಬರುತ್ತದೆ. ಅಂದರೆ ಭತ್ತ ತನ್ನ ಹೊಟ್ಟಿನ ಮೂರನೇ ಒಂದು ಪಾಲಿನಲ್ಲಿ ತಾನೇ ಒಣಗುತ್ತದೆ. ಈ ಲೆಕ್ಕವನ್ನು ಹಾಳೆಯ ಮೇಲೆ ತೋರಿಸಿದಾಗ ಯಾರೂ ಒಪ್ಪಲಿಲ್ಲ. ಸಾಲ ಕೇಳಲು ಹೋದಲ್ಲಿ ಕಂಪನಿಯ ಕೊಟೇಶನ್ ಇಲ್ಲ ಅಂತ ವಾಪಸ್ ಕಳಿಸಿದರು. ನನ್ನ ಭಾವ ದುಡ್ಡು ಕೊಟ್ಟರು, ನಂಬಿಕೆ ಮಾತ್ರ ಕೊಡಲಿಲ್ಲ. "ಮಾವಾರ, ಬೆಂಕಿ ಜೋಡಿ ಆಟ ಬ್ಯಾಡ್ರಿ, ಕಣಾನ ಇರ್ಲಿ" ಅಂತ ಕೊನೆಯವರೆಗೂ ಹೇಳಿದರು.

ಮೊದಲ ಒಲೆ ಪೂರ್ತಿ ಫೇಲ್. ಹೊಟ್ಟು ಉರಿದ ಬಿಸಿ ಗಾಳಿಯನ್ನೇ ತಣ್ಣನೆ ಗಾಳಿಗೆ ಬೆರೆಸಿ ನೇರವಾಗಿ ಭತ್ತಕ್ಕೆ ಬಿಡುವ ಪದ್ಧತಿ ಅದು. ಖರ್ಚು ಕಡಿಮೆ, ಬಿಸಿ ಪೂರ್ತಿ ಸಿಗುತ್ತದೆ. ಆದರೆ ಹೊಟ್ಟು ಹಗುರ. ಅರ್ಧ ಉರಿದ ಕರಿ ಹೊಟ್ಟು ಗಾಳಿಯ ಜೊತೆ ಹಾರಿ ಗೋಪುರದ ಒಳಗೆ ಹೋಯಿತು. ಒಮ್ಮೆ ಕಿಡಿ ಹೋಗಿ ಮೂಲೆಯಲ್ಲಿ ಹೊಗೆಯಾಡಿತು. ಹಮಾಲರು ಓಡಿ ಬಂದು ಕೆಳಗಿನಿಂದ ಭತ್ತ ಇಳಿಸದಿದ್ದರೆ ಇಡೀ ಗೋಪುರ ಹೋಗುತ್ತಿತ್ತು. ಆ ಲಾಟಿನ ಅಕ್ಕಿಗೆ ಹೊಗೆ ವಾಸನೆ ಹಿಡಿದು ಬೆಂಗಳೂರಿನ ವ್ಯಾಪಾರಿಯಿಂದ ಒಂದು ಲೋಡ್ ವಾಪಸ್ ಬಂತು. ಬಾಡಿಗೆ, ದರ ಕಡಿತ ಎಲ್ಲ ಸೇರಿ ಎಂಬತ್ತು ಸಾವಿರದ ಹತ್ತಿರ ನಷ್ಟ. "ಹೇಳಿದ್ವಿ ಅಲ್ರೀ ಸಾವ್ಕಾರ್ರ" ಅನ್ನುವವರಿಗೆ ಆ ವಾರ ಬಿಡುವೇ ಇರಲಿಲ್ಲ.

ಎರಡನೇ ಒಲೆಗೆ ಮೆಟ್ಟಿಲು ಜಾಲರಿ ಹಾಕಿಸಿ, ಹೊಗೆಯನ್ನು ಕೊಳವೆಗಳ ಒಳಗೆ ಹಾಯಿಸಿ, ಹೊರಗಿನಿಂದ ಶುದ್ಧ ಗಾಳಿ ಕಾಯುವಂತೆ ಮಾಡಿದೆ. ವಾಸನೆ ನಿಂತಿತು, ಹೊಸ ತೊಂದರೆ ಶುರುವಾಯಿತು. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಅದು ಕಬ್ಬಿಣವನ್ನು ಉಜ್ಜಿ ತಿನ್ನುತ್ತದೆ. ತೆಳು ಕೊಳವೆಗಳು ಒಂದೇ ಹಂಗಾಮಿನಲ್ಲಿ ತಿರುವಿನ ಹತ್ತಿರ ತೂತು ಬಿದ್ದವು, ಉಳಿದವು ಬೂದಿಯಿಂದ ಕಟ್ಟಿಕೊಂಡವು. ಹತ್ತು ಟನ್ನಿಗೆ ಹೊಟ್ಟು ಒಂದು ಟನ್ ಮೀರಿ ಹೋಗುತ್ತಿತ್ತು. ಕೊನೆಗೆ ಒಲೆ ಮತ್ತು ಕೊಳವೆಗಳ ನಡುವೆ ಇಟ್ಟಿಗೆಯ ಒಂದು ಅಗಲವಾದ ಕೋಣೆ ಕಟ್ಟಿಸಿದೆ. ಅಲ್ಲಿ ಹೊಗೆಯ ವೇಗ ತಗ್ಗಿ ದಪ್ಪ ಬೂದಿ ಕೆಳಗೆ ಬೀಳುತ್ತದೆ. ಆಮೇಲೆ ಸೈಕ್ಲೋನ್ (ಹೊಗೆಯನ್ನು ಸುತ್ತಿಸಿ ಬೂದಿ ಬೇರ್ಪಡಿಸುವ ಡಬ್ಬಿ), ಆಮೇಲೆ ದಪ್ಪ ಗೋಡೆಯ ಕೊಳವೆ. ಕೊಳವೆ ಬಿಚ್ಚಿ ಬ್ರಷ್ ಹಾಕಲು ಬಾಗಿಲು ಬಿಡಿಸಿಕೊಂಡೆ. ಜಾಲರಿಯ ಇಳಿಜಾರು ಎಷ್ಟು, ಮೆಟ್ಟಿಲಿನ ಸಂದು ಎಷ್ಟು, ಹೊಟ್ಟು ಬೀಳಿಸುವ ಗಾಲಿ ಎಷ್ಟು ನಿಧಾನ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಎರಡು ವರ್ಷ ಹೋಗಿದೆ. ಇಷ್ಟು ಹೇಳಬಲ್ಲೆ: ಬೂದಿ ಬೂದು ಬಣ್ಣಕ್ಕೆ ಬಂದರೆ ಒಲೆ ಸರಿ ಇದೆ. ಕರಿ ಬಂದರೆ ಹೊಟ್ಟು ದಂಡ.

ಇನ್ನು ನುಚ್ಚಿನ ವಿಷಯ. ಮಿಲ್ಲಿನವರು ನುಚ್ಚಿಗೆ ಬೆಂಕಿಯನ್ನು ಬೈಯುತ್ತಾರೆ. ನನ್ನ ಪ್ರಕಾರ ತಪ್ಪು ಅವಸರದ್ದು. ಒಂದೇ ಉಸಿರಿಗೆ 22ರಿಂದ 14ಕ್ಕೆ ಎಳೆದರೆ ಕಾಳಿನ ಮೇಲ್ಮೈ ಒಣಗಿರುತ್ತದೆ, ನಡು ಹಸಿಯಾಗಿರುತ್ತದೆ. ಇಳಿಸಿದ ಮೇಲೆ ಒಳಗಿನ ತೇವ ಹೊರಗೆ ಬರುವಾಗ ಕಾಳು ಸೀಳುತ್ತದೆ. ತಮಾಷೆ ಅಲ್ಲ, ಡ್ರೈಯರ್‌ನಿಂದ ಇಳಿಸಿದ ತಕ್ಷಣ ಗಿರಣಿಗೆ ಹಾಕಿ ನೋಡಿದರೆ ಅಕ್ಕಿ ಚೆನ್ನಾಗಿಯೇ ಬರುತ್ತದೆ. ಎರಡು ದಿನ ಬಿಟ್ಟು ಹಾಕಿ, ಆಗ ನಿಜ ಕಾಣುತ್ತದೆ. ಡ್ರೈಯರ್ ಮಾರುವವರು ತೋರಿಸುವುದು ತಕ್ಷಣದ ಅಕ್ಕಿಯನ್ನು.

ನಾನು ಮೂರು ಸುತ್ತಿನಲ್ಲಿ ಒಣಗಿಸುತ್ತೇನೆ. ಮೊದಲ ಸುತ್ತಿಗೆ ಗಾಳಿ 55 ಡಿಗ್ರಿ, ತೇವ 18ಕ್ಕೆ ಬಂದರೆ ನಿಲ್ಲಿಸುತ್ತೇನೆ. ಭತ್ತವನ್ನು ಪಕ್ಕದ ತಗಡಿನ ಬಿನ್ನಿಗೆ, ಅಂದರೆ ಕಣಜಕ್ಕೆ, ಏರಿಸಿ ಏಳೆಂಟು ಗಂಟೆ ಹಾಗೇ ಬಿಡುತ್ತೇನೆ. ಬಿಸಿ ಹೋಗದಂತೆ ಬಿನ್ನಿನ ಹೊರಗೆ ಗೋಣಿ ಸುತ್ತಿಸಿದ್ದೇನೆ. ಎರಡನೇ ಸುತ್ತು 45 ಡಿಗ್ರಿ, 15.5ರ ತನಕ. ಮತ್ತೆ ಬಿಡುವು. ಮೂರನೆಯದಕ್ಕೆ ಬೆಂಕಿಯೇ ಇಲ್ಲ, ಹಗಲಿನ ಒಣ ಗಾಳಿ ಮಾತ್ರ, 14ಕ್ಕೆ ಬಂದರೆ ಮುಗಿಯಿತು. ಗಾಳಿ ಎಷ್ಟೇ ಬಿಸಿ ಇರಲಿ, ಕಾಳಿನ ಬಿಸಿ 42 ದಾಟಲು ಬಿಡುವುದಿಲ್ಲ. ಆರ್‌ಎನ್‌ಆರ್ 15048 ತಳಿಯ ಭತ್ತದ ಕಾಳು ಸಣ್ಣ, ಅದಕ್ಕೆ ಇನ್ನೂ ಮೆಲ್ಲಗೆ ಹೋಗಬೇಕು. ಬಿಡುವಿನ ನಡುವೆ ಬಿನ್ನಿಗೆ ಒಂದು ಸಣ್ಣ ಕೆಲಸ ಮಾಡುತ್ತೇನೆ, ಅದೂ ನನ್ನಲ್ಲೇ ಇರಲಿ.

ಮಾಯಿಶ್ಚರ್ ಮೀಟರ್ ಬಗ್ಗೆ ಒಂದು ಮಾತು. ಸುತ್ತು ಮುಗಿದ ತಕ್ಷಣ ಬಿಸಿ ಭತ್ತ ಹಾಕಿದರೆ ಅದು ಕಡಿಮೆ ತೋರಿಸುತ್ತದೆ. ಬಿಡುವಿನ ನಂತರ ನೋಡಿದರೆ ಒಂದು ಪಾಯಿಂಟ್ ಏರಿರುತ್ತದೆ. 14 ಅಂತ ನಂಬಿ ಚೀಲ ಕಟ್ಟಿದವರ ಗೋದಾಮಿನಲ್ಲಿ ಭತ್ತ ಬೆವರುವುದು ಇದಕ್ಕೇ.

ಬಿರುಕು ನೋಡಲು ದುಬಾರಿ ಯಂತ್ರ ಬೇಡ. ಹಲಗೆ ಪೆಟ್ಟಿಗೆಯ ಒಳಗೆ ಬಲ್ಬ್, ಮೇಲೆ ಗಾಜು. ನೂರು ಕಾಳು ಕೈಯಲ್ಲಿ ಸುಲಿದು ಗಾಜಿನ ಮೇಲೆ ಇಟ್ಟರೆ ಬಿರುಕು ಗೆರೆಯಾಗಿ ಕಾಣುತ್ತದೆ. ಕಣದ ಭತ್ತದಲ್ಲಿ 20–25 ಕಾಳು ಸೀಳಿರುತ್ತಿದ್ದವು. ಒಂದೇ ಸುತ್ತಿನ ಡ್ರೈಯರ್ ಭತ್ತದಲ್ಲಿ ಮೂವತ್ತು ದಾಟಿತ್ತು. ಮೂರು ಸುತ್ತಿನದ್ದರಲ್ಲಿ ಎಂಟು, ಹತ್ತು. ನಂಬದವರನ್ನು ಈ ಪೆಟ್ಟಿಗೆಯ ಮುಂದೆ ಕೂರಿಸಿದೆ. ಪಕ್ಕದ ಕ್ಯಾಂಪಿನ (ವಲಸೆ ಬಂದ ರೈತರ ಊರಿನ) ಹಿರಿಯ ಮಿಲ್ ಮಾಲೀಕರೊಬ್ಬರು ತಾವೇ ಸುಲಿದು, ತಾವೇ ಎಣಿಸಿ, ಮರುವಾರ ತಮ್ಮ ಫಿಟ್ಟರ್‌ನನ್ನು ಅಳತೆ ತೆಗೆದುಕೊಳ್ಳಲು ಕಳಿಸಿದರು.

ದುಡ್ಡು. ಗೋಪುರ ಆರು ಲಕ್ಷ, ಎರಡು ಒಲೆ ಸೇರಿ ಮೂರೂವರೆ, ಕೊಳವೆ ಎರಡು ಸಲ ಮಾಡಿಸಿದ್ದಕ್ಕೆ ಒಂದೂವರೆ, ಬಿನ್ನು, ಎಲಿವೇಟರ್‌ಗೆ ಎರಡು. ಒಟ್ಟು ಹದಿಮೂರರ ಹತ್ತಿರ. ಒಣಗಿಸುವ ಖರ್ಚು ಕ್ವಿಂಟಲಿಗೆ 40 ರೂಪಾಯಿ: ಹೊಟ್ಟನ್ನು ಮಾರುವ ದರದಲ್ಲೇ ಹಿಡಿದರೆ 18, ಕರೆಂಟ್ 12–13, ಉಳಿದದ್ದು ಕೂಲಿ. ಬಿಡುವಿನ ಹೊತ್ತಿನಲ್ಲಿ ಬ್ಲೋವರ್ ನಿಂತಿರುತ್ತದೆ. ಅದಕ್ಕೇ ಮೂರು ಸುತ್ತಾದರೂ ಕರೆಂಟ್ ಏರಲಿಲ್ಲ. ಎಲ್ಲರೂ ಹೆದರಿಸಿದ್ದು ಇದಕ್ಕೇ ಅಲ್ವಾ? ಇಡೀ ಅಕ್ಕಿಗೂ ನುಚ್ಚಿಗೂ ಕೆಜಿಗೆ 20–22 ರೂಪಾಯಿ ಅಂತರ. ಆರು ಕೆಜಿ ಇಡೀ ಅಕ್ಕಿ ಜಾಸ್ತಿ ಬಂದರೆ ಕ್ವಿಂಟಲಿಗೆ 130 ಹತ್ತಿರ. ಖರ್ಚು ಕಳೆದು 90 ಉಳಿಯುತ್ತದೆ. ಕಣದ ಲಾವಣಿ, ತಿರುವಿ ಹಾಕುವ ಕೂಲಿ ಉಳಿದದ್ದು ಬೇರೆ. ವರ್ಷಕ್ಕೆ ಏಳೆಂಟು ಸಾವಿರ ಕ್ವಿಂಟಲ್ ಒಣಗಿಸುತ್ತೇನೆ. ಹಾಕಿದ ದುಡ್ಡು ಎರಡು ವರ್ಷದಲ್ಲಿ ಕೈಗೆ ಬರುತ್ತದೆ.

ನಡುವೆ ಕೆಲವು ಬೇರೆ ಪ್ರಯೋಗ ಮಾಡಿದೆ. ಕಟಾವಿನ ನಂತರ ಗದ್ದೆಯಲ್ಲೇ ಸುಡುವ ಭತ್ತದ ಹುಲ್ಲನ್ನು ಬೇಲ್ ಕಟ್ಟಿಸಿ ಒಲೆಗೆ ಹಾಕಿದೆ. ಚೆನ್ನಾಗಿ ಉರಿಯಿತು, ಆದರೆ ಬೂದಿ ಕರಗಿ ಜಾಲರಿಗೆ ಗಾಜಿನ ಹಾಗೆ ಅಂಟಿತು. ಹುಲ್ಲಿನಲ್ಲಿ ಪೊಟ್ಯಾಷ್ ಜಾಸ್ತಿ, ಅದೇ ಕಾರಣ. ಸಬ್ಬಲಿನಿಂದ ಕುಟ್ಟಿ ತೆಗೆಯಬೇಕಾಯಿತು. ಹೊಟ್ಟಿನ ಜೊತೆ ಸ್ವಲ್ಪ ಬೆರೆಸಿದರೆ ನಡೆಯುತ್ತದೆ, ಅದರ ಮೇಲೆ ಇನ್ನೂ ಕೆಲಸ ನಡೆದಿದೆ. ಹುಲ್ಲು ದನಕ್ಕೆ ಹೋದರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಗ್ಯಾಸಿಫೈಯರ್ ಹಾಕಿ ಮಿಲ್ಲನ್ನೇ ಹೊಟ್ಟಿನ ಅನಿಲದಲ್ಲಿ ಓಡಿಸುವ ಆಸೆಯೂ ಇತ್ತು. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರ ಹೊತ್ತಿಗೇ ಕಟ್ಟಿಗೆ ಅನಿಲದಿಂದ ಊರಿಗೆ ದೀಪ ಕೊಟ್ಟಿದ್ದರು. ಆದರೆ ಹೊಟ್ಟು ಕಟ್ಟಿಗೆಯಲ್ಲ. ಸುಟ್ಟರೆ ಐದನೇ ಒಂದು ಪಾಲು ಬೂದಿ, ಮೇಲೆ ಡಾಂಬರಿನಂಥ ಅಂಟು. ಎಂಜಿನ್ ತೆಗೆದುಕೊಳ್ಳುವ ಮೊದಲೇ ಆ ದಾರಿ ಬಿಟ್ಟೆ. ನನಗೆ ಬೇಕಾದದ್ದು 45–55 ಡಿಗ್ರಿ ಗಾಳಿ, ಅಷ್ಟಕ್ಕೆ ಒಲೆಯೇ ಸಾಕು.

ಬೂದಿ 10 ಟನ್ ಭತ್ತಕ್ಕೆ 110–120 ಕೆಜಿ ಬೀಳುತ್ತದೆ. ನಮ್ಮ ಸವಳು ಹೊಲದ ಎರಡು ಗುಂಟೆಗೆ ದಪ್ಪವಾಗಿ ಹಾಕಿ ನೋಡಿದೆ. ಮಣ್ಣು ಸ್ವಲ್ಪ ಸಡಿಲವಾಯಿತು, ಉಪ್ಪು ಹಾಗೇ ಉಳಿಯಿತು. ಸವಳಿಗೆ ಬಸಿಗಾಲುವೆಯೇ ಮದ್ದು, ಬೂದಿ ಅಲ್ಲ. ಆದರೆ ಅರ್ಧ ಸುಟ್ಟ ಕರಿ ಹೊಟ್ಟನ್ನು ಸಸಿ ಮಡಿಗೆ ಬೆರೆಸಿದಾಗ ಒಳ್ಳೆ ಫಲ ಸಿಕ್ಕಿತು. ಸಸಿ ಬೇರು ಹರಿಯದೆ ಸಲೀಸಾಗಿ ಕೀಳುತ್ತದೆ. ಈಗ ಪಕ್ಕದ ರೈತರು ಚೀಲ ಹಿಡಿದು ಬರುತ್ತಾರೆ. ಅವರಿಗೆ ದುಡ್ಡು ತೆಗೆದುಕೊಳ್ಳದೆ ಕೊಡುತ್ತೇನೆ.

ಲಾವಣಿಗೆ ಹಿಡಿದಿದ್ದ ಎಕರೆಯನ್ನು ಬಿಟ್ಟುಕೊಟ್ಟೆ. ಮಾಲೀಕರು ಎರಡು ಸಲ ಆಳವಾಗಿ ಉಳುಮೆ ಮಾಡಿಸಿ, ಸೆಣಬು ಬಿತ್ತಿ ಮಣ್ಣಿಗೆ ಸೇರಿಸಿ, ಈ ಮುಂಗಾರಿನಲ್ಲಿ ಗಂಗಾವತಿ ಸೋನಾ ನಾಟಿ ಮಾಡಿದರು. ಮೊದಲ ಬೆಳೆ, ಮೂವತ್ತು ಚೀಲದ ಹತ್ತಿರ ಬಂತು. ಆ ಭತ್ತ ನನ್ನ ಡ್ರೈಯರ್‌ಗೇ ಬಂತು.

ಇದೆಲ್ಲ ಹಸಿ ಅಕ್ಕಿಯ, ಅಂದರೆ ಭತ್ತ ಬೇಯಿಸದೆ ಮಾಡುವ ಅಕ್ಕಿಯ ಲೆಕ್ಕ. ಸ್ಟೀಮ್ ಅಕ್ಕಿ ಮಾಡುವವರು 55 ಡಿಗ್ರಿಗೆ ನಿಲ್ಲಬೇಕಾಗಿಲ್ಲ. ಬೆಂದ ಭತ್ತ ಮೊದಲ ಸುತ್ತಿನಲ್ಲಿ ಇನ್ನೂ ಜೋರು ಬಿಸಿ ತಡೆಯುತ್ತದೆ. ಮಾಡಬೇಕು ಅನ್ನುವವರು ಮೊದಲು ಬಿನ್ನಿಗೆ ದುಡ್ಡು ಹಾಕಿ, ಒಲೆಗೆ ಆಮೇಲೆ. ಹಂಗಾಮಿನಲ್ಲಿ ಯಾವಾಗ ಬಂದರೂ ಮಿಲ್ ತೋರಿಸುತ್ತೇನೆ. ಬರುವಾಗ ನಿಮ್ಮ ಭತ್ತ ಒಂದು ಸೇರು ತನ್ನಿ, ಪೆಟ್ಟಿಗೆಯ ಮೇಲೆ ಇಟ್ಟು ನೋಡೋಣ.