ಕೆಲಸ ಸಿಕ್ಕಿಹಾಕಿಕೊಂಡಾಗ ಎದ್ದು ಹೋಗುವುದು ಹೇಗೆ?

ಮಧ್ಯಾಹ್ನ ಮೂರೂವರೆ. ನಮ್ಮ ಪುಟವಿನ್ಯಾಸದ ಕೋಣೆಯಲ್ಲಿ ಹುಡುಗಿಯೊಬ್ಬಳು ಒಂದು ಶೀರ್ಷಿಕೆಗಾಗಿ ಅರ್ಧ ಗಂಟೆಯಿಂದ ಒದ್ದಾಡುತ್ತಿದ್ದಳು. ಕೊನೆಗೆ "ಸ್ವಲ್ಪ ಬ್ರೇಕ್ ತಗೋತೀನಿ" ಅಂದಳು. ಕುರ್ಚಿಯಿಂದ ಏಳಲಿಲ್ಲ. ಮೌಸ್ ಬಿಟ್ಟು ಮೊಬೈಲ್ ಹಿಡಿದು ಇಪ್ಪತ್ತು ನಿಮಿಷ ರೀಲ್ಸ್ ನೋಡಿದಳು. ಮೊಬೈಲ್ ಕೆಳಗಿಟ್ಟಾಗ ಕಣ್ಣು ಕೆಂಪಗಾಗಿತ್ತು. "ಬ್ರೇಕ್ ತಗೊಂಡ್ರೂ ಏನೂ ಹೊಳೀತಿಲ್ಲ ಸರ್" ಎಂದಳು.

ಇದನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಒಳ್ಳೆಯ ಕೆಲಸಗಾರರೇ ವಿರಾಮದ ವಿಷಯದಲ್ಲಿ ಎಡವುತ್ತಾರೆ. ಅದಕ್ಕೇ ನಾನು ಮಾಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆಲಸ ಮಾಡಿ

ವಿರಾಮಕ್ಕೆ ಮುಂಚೆ ಗಟ್ಟಿಯಾಗಿ ಕೂತು ದುಡಿದಿರಬೇಕು. ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆ ಒಂದು ಸಮಸ್ಯೆಯ ಮುಂದೆ ಹದಿನೈದು ದಿನ ದಿನಾ ಕೂತಿದ್ದರು. ಆಮೇಲೆ ಪ್ರವಾಸಕ್ಕೆ ಹೋದರು. ಕೂತಾಂಸ್ ಎಂಬ ಊರಿನಲ್ಲಿ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಗಳಿಗೆಯಲ್ಲಿ ಮುಂದಿನ ದಾರಿ ಹೊಳೆಯಿತು. ಎಲ್ಲರಿಗೂ ಆ ಮೆಟ್ಟಿಲು ನೆನಪಿರುತ್ತದೆ, ಹಿಂದೆ ದುಡಿದ ದಿನಗಳು ನೆನಪಿರುವುದಿಲ್ಲ. 1926ರಲ್ಲಿ ಇಂಗ್ಲೆಂಡಿನ ಚಿಂತಕ ಗ್ರಹಾಂ ವಾಲಸ್, ಕೆಲಸ ಬಿಟ್ಟ ಮೇಲಿಂದ ದಾರಿ ಹೊಳೆಯುವವರೆಗಿನ ಈ ನಡುವಿನ ಹಂತಕ್ಕೆ ಕಾವು ಕೂರುವುದು ಎಂಬ ಅರ್ಥದ ಹೆಸರನ್ನೇ ಕೊಟ್ಟರು. ಮೊಟ್ಟೆಯೇ ಇಲ್ಲದೆ ಕೋಳಿ ಕಾವಿಗೆ ಕೂತರೆ ಮರಿ ಎಲ್ಲಿಂದ ಬರಬೇಕು?

ಎಷ್ಟು ಹೊತ್ತಿಗೊಮ್ಮೆ ಏಳಬೇಕು? 1980ರ ದಶಕದ ಕೊನೆಯಲ್ಲಿ ಇಟಲಿಯ ವಿದ್ಯಾರ್ಥಿ ಫ್ರಾಂಚೆಸ್ಕೊ ಚಿರಿಲೊ ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು 25 ನಿಮಿಷ ಓದು, 5 ನಿಮಿಷ ಬಿಡುವು ಎಂಬ ಪದ್ಧತಿ ಮಾಡಿಕೊಂಡರು. ಇಟಾಲಿಯನ್‌ನಲ್ಲಿ ಟೊಮ್ಯಾಟೊ ಅಂದರೆ ಪೊಮೊಡೊರೊ, ಅದೇ ಹೆಸರು ನಿಂತಿತು. ಬಿಲ್ ನೋಡುವುದಕ್ಕೆ, ಕರಡು ತಿದ್ದುವುದಕ್ಕೆ ಇದು ಚೆನ್ನಾಗಿದೆ. ಬರೆಯುವವರಿಗೆ ಮಾತ್ರ 25 ನಿಮಿಷ ಸಾಲದು, ಮನಸ್ಸು ಆಗ ತಾನೇ ಬಿಸಿಯಾಗಿರುತ್ತದೆ. ಐವತ್ತು ನಿಮಿಷ ಇಟ್ಟುಕೊಳ್ಳಿ. ತಿಂಗಳಿಗಿಷ್ಟು ಅಂತ ದುಡ್ಡು ಕೀಳುವ 'ಫೋಕಸ್' ಆ್ಯಪ್‌ಗಳು ಬೇಡವೇ ಬೇಡ. ಯಾವುದರಿಂದ ತಪ್ಪಿಸಿಕೊಳ್ಳಬೇಕೋ ಅದರೊಳಗೇ ಅವು ಕೂತಿರುತ್ತವೆ. ಪಾತ್ರೆ ಅಂಗಡಿಯ ಟೈಮರ್ ಸಾಕು.

ಏಳುವ ಮುಂಚಿನ ಎರಡು ನಿಮಿಷ

ಎಲ್ಲರೂ ಕೆಡಿಸುವುದು ಇಲ್ಲೇ. ಬೇಸರ ತಲೆಗೇರಿದಾಗ ಧಡಕ್ಕನೆ ಎದ್ದುಬಿಡುತ್ತಾರೆ. ದೇಹ ಹೊರಗೆ ಹೋಗುತ್ತದೆ, ಮನಸ್ಸು ಕಂಪ್ಯೂಟರ್ ಮುಂದೆಯೇ ಕೂತಿರುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಅರ್ಧಕ್ಕೆ ಬಿಟ್ಟ ಕೆಲಸದಲ್ಲಿ ಗಮನದ ಒಂದಿಷ್ಟು ಭಾಗ ಅಂಟಿಕೊಂಡೇ ಇರುತ್ತದೆ, ಮುಂದಿನ ಕೆಲಸಕ್ಕೆ ಪೂರ್ತಿ ಸಿಗುವುದಿಲ್ಲ. ಬಿಡುವ ಮುನ್ನ 'ಎಲ್ಲಿದ್ದೇನೆ, ವಾಪಸ್ ಬಂದು ಏನು ಮಾಡುತ್ತೇನೆ' ಎಂದು ಬರೆದಿಟ್ಟರೆ ಆ ಅಂಟು ಸಡಿಲವಾಗುತ್ತದೆ ಎಂಬುದೂ ಅವರ ನಂತರದ ಅಧ್ಯಯನದಲ್ಲಿ ಕಂಡಿತು.

ಹಾಗಾಗಿ ಒಂದು ಚೀಟಿ ಬರೆಯಿರಿ. ನಾನು ಹಳೆಯ ಕರಡು ಹಾಳೆಯನ್ನು ನಾಲ್ಕಾಗಿ ಹರಿದು, ಅದರ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆಯುತ್ತೇನೆ. ಎರಡೇ ಸಾಲು. "ಶೀರ್ಷಿಕೆ ಮುಗಿಸಬೇಕು" ಅಂತ ಬರೆದರೆ ಏನೂ ಉಪಯೋಗವಿಲ್ಲ, ಅದು ನಿಮಗೆ ಗೊತ್ತೇ ಇದೆ. ಹೀಗೆ ಬರೆಯಬೇಕು: "'ನೀರು' ಅಂತ ಶುರು ಮಾಡಿದ ಮೂರೂ ಉದ್ದವಾದವು. ಬಂದ ಮೇಲೆ ಎರಡನೇ ಪ್ಯಾರಾದ ರೈತನ ಮಾತಿನಿಂದ ಶುರು ಮಾಡಿ ನೋಡು." ಮೊದಲ ಸಾಲು ಏನು ಕೈಕೊಟ್ಟಿತು ಅನ್ನುವುದು. ಎರಡನೆಯದು ಕೈಯಿಂದ ಮಾಡಬಹುದಾದ ಒಂದೇ ಒಂದು ಕೆಲಸ. 'ಯೋಚಿಸು' ಎಂಬ ಪದ ಎರಡನೇ ಸಾಲಿನಲ್ಲಿ ಬಂದರೆ ಚೀಟಿ ಹರಿದು ಮತ್ತೆ ಬರೆಯಿರಿ.

ಚೀಟಿಯನ್ನು ಕೀಬೋರ್ಡ್ ಮೇಲೆ ಅಡ್ಡಲಾಗಿ ಇಡಿ. ಅದನ್ನು ಎತ್ತದೆ ಟೈಪ್ ಮಾಡಲು ಆಗಬಾರದು. ಮಾನಿಟರ್ ಅಂಚಿಗೆ ಅಂಟಿಸಬೇಡಿ, ಅಲ್ಲಿ ಕಳೆದ ತಿಂಗಳ ಹತ್ತು ಚೀಟಿ ಆಗಲೇ ಇರುತ್ತವೆ. ಅಗ್ಗದ ಹಳದಿ ಅಂಟುಚೀಟಿಗಳಂತೂ ಫ್ಯಾನ್ ಗಾಳಿಗೆ ಉದುರಿ ಮೇಜಿನ ಕೆಳಗೆ ಸೇರುತ್ತವೆ. ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳೋಣ ಅಂತ ಅನ್ನಿಸುತ್ತೆ ಅಲ್ವಾ? ಆ ಅಡ್ಡದಾರಿ ಬೇಡ. ಬರೆಯಲು ತೆಗೆದ ಮೊಬೈಲ್‌ನಲ್ಲಿ ಮೂರು ವಾಟ್ಸ್‌ಆ್ಯಪ್ ಸಂದೇಶ ಕಾಯುತ್ತಿರುತ್ತವೆ.

ಇನ್ನೊಂದು ಮಾತು. ಸಾಧ್ಯವಾದರೆ ಪ್ಯಾರಾ ಮುಗಿಸಿ ಏಳಬೇಡಿ. ಮುಂದಿನ ಮಾತು ಗೊತ್ತಿರುವಾಗಲೇ, ವಾಕ್ಯದ ಮಧ್ಯದಲ್ಲಿ ನಿಲ್ಲಿಸಿ. ವಾಪಸ್ ಬಂದಾಗ ಅರ್ಧ ವಾಕ್ಯ ತಾನೇ ಕೈ ಹಿಡಿದು ಕರೆದುಕೊಂಡು ಹೋಗುತ್ತದೆ.

ಈಗ ಮೊಬೈಲ್ ಡ್ರಾಯರ್‌ಗೆ. ಆಮೇಲೆ ಏಳಿ.

ಹೊರಗೆ

ನಡೆಯಿರಿ, ಅಷ್ಟೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೂತಿದ್ದವರಿಗಿಂತ ನಡೆಯುತ್ತಿದ್ದವರಿಗೆ ಹೊಸ ಹೊಳಹುಗಳು ಸರಾಸರಿ 60 ಶೇಕಡಾ ಜಾಸ್ತಿ ಬಂದವು. ಖಾಲಿ ಗೋಡೆಯ ಮುಂದೆ ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಲಾಭ ಸಿಕ್ಕಿತು. ಆದರೆ ಒಂದೇ ಸರಿಯುತ್ತರ ಇರುವ ಪ್ರಶ್ನೆಗಳಲ್ಲಿ ನಡೆದವರು ಸ್ವಲ್ಪ ಹಿಂದೆ ಬಿದ್ದರು. ಆದ್ದರಿಂದ ಜಿಎಸ್‌ಟಿ ಲೆಕ್ಕವನ್ನು ನಡೆಯುತ್ತಾ ತಲೆಯಲ್ಲಿ ಹಾಕಬೇಡಿ, ಅದಕ್ಕೆ ಮೇಜೇ ಸರಿ.

ದಣಿದಿರುವುದು ಗಮನವಾದರೆ ಮರಗಳಿರುವ ಕಡೆ ಹೋಗಿ. ಮಿಶಿಗನ್ ವಿಶ್ವವಿದ್ಯಾಲಯದ 2008ರ ಅಧ್ಯಯನದಲ್ಲಿ ಸಸ್ಯೋದ್ಯಾನದಲ್ಲಿ ಸುತ್ತಿ ಬಂದವರ ಏಕಾಗ್ರತೆ ಸುಧಾರಿಸಿತು, ಪೇಟೆ ಬೀದಿಯಲ್ಲಿ ಸುತ್ತಿದವರದ್ದು ಹಾಗೆ ಸುಧಾರಿಸಲಿಲ್ಲ. ರಸ್ತೆಯಲ್ಲಿ ಹಾರ್ನ್, ಸ್ಕೂಟರ್, ಗುಂಡಿ ಎಲ್ಲವನ್ನೂ ಗಮನಿಸುತ್ತಲೇ ಇರಬೇಕಲ್ಲ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಇದೆ. ಕುವೆಂಪು ನಡೆಯುತ್ತಿದ್ದ ದಂಡೆ ಅದು. ಕೆರೆ ದೂರವಾದರೆ ಪಕ್ಕದ ಬೀದಿಯ ಹೊಂಗೆ ಮರದ ನೆರಳೂ ಆಗುತ್ತದೆ.

ಕಾಫಿ ಬೇಕೆಂದರೆ ದರ್ಶಿನಿಗೆ ಇಳಿದು ಹೋಗಿ ಬೈ-ಟು ಕುಡಿಯಿರಿ. ಮೇಜಿಗೇ ತರಿಸಿಕೊಂಡ ಕಾಫಿ ವಿರಾಮವಲ್ಲ. ಜೊತೆಗೆ ಬಂದವರ ಹತ್ತಿರ ಆಫೀಸಿನ ಮಾತು ಎತ್ತಬೇಡಿ. ಸಿಕ್ಕಿಹಾಕಿಕೊಂಡ ಕೆಲಸವನ್ನೂ ಬಲವಂತವಾಗಿ ಯೋಚಿಸಬೇಡಿ. ಅದು ಚೀಟಿಯಲ್ಲಿ ಭದ್ರವಾಗಿದೆ. ಸುಮ್ನೆ ಲೋಟದ ಬಿಸಿ ಬೆರಳಿಗೆ ತಾಗಲಿ, ನೊರೆ ಇಳಿಯುವುದನ್ನು ನೋಡಿ. ಹತ್ತು-ಹದಿನೈದು ನಿಮಿಷ ಸಾಕು.

ವಾಪಸ್ ಬಂದು

ಮೇಲ್ ತೆರೆಯಬೇಡಿ. ಚೀಟಿ ಓದಿ, ಎರಡನೇ ಸಾಲಿನಲ್ಲಿರುವುದನ್ನು ಮಾಡಿ. ಹತ್ತು ನಿಮಿಷ ಮಾಡಿದರೂ ದಾರಿ ಕಾಣದಿದ್ದರೆ ಬೇರೆ ಜಾತಿಯ ಕೆಲಸ ಹಿಡಿಯಿರಿ. ಬರೆಯುತ್ತಿದ್ದರೆ ಚಿತ್ರ ಜೋಡಿಸಿ, ಚಿತ್ರ ಮಾಡುತ್ತಿದ್ದರೆ ಕರಡು ನೋಡಿ. ಮನೆಯಿಂದ ಕೆಲಸ ಮಾಡುವವರು ಆಗ ಜಾಗವನ್ನೂ ಬದಲಿಸಿ, ಊಟದ ಮೇಜಿನಿಂದ ಜಗಲಿಗೆ. ಹಾಸಿಗೆ ಮಾತ್ರ ಬೇಡ.

ಕೌಂಟರ್‌ನಲ್ಲಿ, ಕಾಲ್ ಸೆಂಟರ್‌ನಲ್ಲಿ ಕೂತವರು ಮನಸ್ಸು ಬಂದಾಗ ಏಳುವಂತಿಲ್ಲ. ಅಂಥವರು ಕಣ್ಣಿನ ವೈದ್ಯರು ಹೇಳುವುದನ್ನಾದರೂ ಮಾಡಿ. 20 ನಿಮಿಷಕ್ಕೊಮ್ಮೆ, 20 ಅಡಿಗಿಂತ ಆಚೆ, 20 ಸೆಕೆಂಡ್ ನೋಡಿ. ಆಗ ಬೇಕೆಂದೇ ಕಣ್ಣು ಮಿಟುಕಿಸಿ, ಪರದೆ ನೋಡುವಾಗ ನಾವು ಮಿಟುಕಿಸುವುದೇ ಕಡಿಮೆ.

ಸಂಜೆ ಮನೆಗೆ ಹೊರಡುವಾಗಲೂ ಇದೇ ಚೀಟಿ, ಇದೇ ಕೀಬೋರ್ಡ್ ಮೇಲೆ. ಶನಿವಾರದ ಚೀಟಿಗೆ ಮಾತ್ರ ಒಂದು ಸಾಲು ಜಾಸ್ತಿ ಬರೆಯಿರಿ. ಸೋಮವಾರದ ಹೊತ್ತಿಗೆ ಅರ್ಧ ಮರೆತಿರುತ್ತದೆ.